ಪೆಟೂನಿಯಾಕ್ಕೆ ಸ್ವಾತಿ ಮಳೆ ಕಳೆಯಲಿ

ಮೈಸೂರಿನಲ್ಲಿ ಪೆಟೂನಿಯಾ ಗಿಡವನ್ನು ಮೊದಲ ಬಾರಿಗೆ ಮನೆಗೆ ತರುವವರಲ್ಲಿ ಬಹಳ ಮಂದಿ ಅದನ್ನು ತರುವುದು ದಸರೆಯ ದಿನಗಳಲ್ಲಿ. ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನದಲ್ಲಿ ನೇರಳೆ, ಗುಲಾಬಿ, ಅಚ್ಚ ಬಿಳಿ ಬಣ್ಣದ ಹೂಗಳನ್ನು ಹೊತ್ತ ಕುಂಡಗಳ ಸಾಲನ್ನು ಕಂಡ ಮೇಲೆ, ದಾರಿಯಲ್ಲಿ ಸಿಗುವ ನರ್ಸರಿಯ ಮುಂದೆ ನಿಲ್ಲದೆ ಮನೆಗೆ ಹೋಗುವುದು ಗಿಡದ ಮೇಲೆ ಪ್ರೀತಿಯಿರುವ ಯಾರಿಗೂ ಕಷ್ಟ. ಹಾಗೆ ತಂದ ಗಿಡ ದೀಪಾವಳಿಯ ಹೊತ್ತಿಗೆ ಬುಡ ಕೊಳೆತು, ಹೂಗಳೆಲ್ಲ ನೆನೆದ ಕಾಗದದಂತೆ ಕಾಂಡಕ್ಕೆ ಮೆತ್ತಿಕೊಂಡು ಸಾಯುವುದನ್ನು ನಮ್ಮ ಬಡಾವಣೆಯ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಆಮೇಲೆ ಆ ಮನೆಯವರು ಹೇಳುವ ಮಾತೂ ಒಂದೇ: ಇದು ಚಳಿ ದೇಶದ ಹೂವು, ನಮ್ಮೂರಿಗೆ ಆಗಿಬರುವುದಿಲ್ಲ. ಈ ಮಾತನ್ನು ನಾನು ಒಪ್ಪುವುದಿಲ್ಲ. ಪೆಟೂನಿಯಾ ನಮ್ಮೂರಿಗೆ ಚೆನ್ನಾಗಿ ಆಗಿಬರುವ ಗಿಡ. ಆದರೆ ಅದಕ್ಕೆ ಆಗಿಬರುವ ಕಾಲ ದಸರೆಯಲ್ಲ, ಸ್ವಾತಿ ಮಳೆ ಕಳೆದ ಮೇಲಿನ ಕಾಲ. ಗಿಡ ಬದುಕುತ್ತದೆಯೇ ಇಲ್ಲವೇ ಎಂಬುದರ ಅರ್ಧ ಪಾಲು ಈ ಒಂದು ನಿರ್ಧಾರದಲ್ಲಿಯೇ ಇದೆ ಎಂದು ನಾನು ನಂಬಿದ್ದೇನೆ.

ನಮ್ಮ ಮಳೆಯ ಲೆಕ್ಕವನ್ನು ನೋಡಿದರೆ ಕಾರಣ ತಿಳಿಯುತ್ತದೆ. ಸೆಪ್ಟೆಂಬರ್ ಕೊನೆಯಿಂದ ಹಸ್ತ, ಅಕ್ಟೋಬರಿನ ನಡುವೆ ಚಿತ್ತೆ, ಅದರ ಬೆನ್ನಿಗೆ ನವೆಂಬರ್ ಮೊದಲ ವಾರದವರೆಗೆ ಸ್ವಾತಿ; ಮೈಸೂರು ಮತ್ತು ಮಂಡ್ಯದ ಸೀಮೆಗೆ ವರ್ಷದ ದೊಡ್ಡ ಮಳೆಗಳು ಬರುವುದು ಈ ದಿನಗಳಲ್ಲಿ. ಮಧ್ಯಾಹ್ನದವರೆಗೆ ಬಿಸಿಲು, ಸಂಜೆ ಗುಡುಗು, ರಾತ್ರಿಯೆಲ್ಲ ಒದ್ದೆ ಎಂಬ ಈ ಕ್ರಮ ರಾಗಿ ಹೊಲಕ್ಕೆ ಒಳ್ಳೆಯದು, ಪೆಟೂನಿಯಾಕ್ಕೆ ತೀರಾ ಕೆಟ್ಟದ್ದು. ಅದರ ಹೂವು ಆಲಿಕೆಯ ಆಕಾರದ್ದಾದ್ದರಿಂದ ಮಳೆಯ ನೀರು ನೇರವಾಗಿ ಒಳಗೆ ನಿಲ್ಲುತ್ತದೆ. ದಳ ಬಹಳ ತೆಳು. ಎಲೆ ಮತ್ತು ಕಾಂಡದ ತುಂಬ ಅಂಟು ಸೂಸುವ ಸಣ್ಣ ರೋಮಗಳಿರುವುದರಿಂದ, ಉದುರಿದ ದಳ ನೆಲಕ್ಕೆ ಬೀಳದೆ ಗಿಡಕ್ಕೇ ಅಂಟಿ ಅಲ್ಲಿಯೇ ಕೊಳೆಯುತ್ತದೆ. ಆ ಕೊಳೆತ ದಳದ ಮೇಲೆ ಬೂದು ಬಣ್ಣದ ಬೂಷ್ಟು ಹುಟ್ಟುತ್ತದೆ. ಬೊಟ್ರೈಟಿಸ್ ಎಂಬ ಈ ಶಿಲೀಂಧ್ರ ಒಂದು ಸತ್ತ ಹೂವಿನಿಂದ ಆರಂಭವಾಗಿ ಎಲೆಗೆ, ಅಲ್ಲಿಂದ ಕಾಂಡಕ್ಕೆ ಇಳಿಯುತ್ತದೆ. ಇತ್ತ ಕುಂಡದೊಳಗೆ ನೀರು ನಿಂತು ಬೇರು ಕಪ್ಪಾಗುತ್ತದೆ. ಮೇಲಿನಿಂದಲೂ ಕೆಳಗಿನಿಂದಲೂ ಒಟ್ಟಿಗೇ ಕೊಳೆಯುತ್ತಿರುವ ಗಿಡವನ್ನು ಔಷಧಿ ಹೊಡೆದು ಉಳಿಸಿಕೊಂಡವರನ್ನು ನಾನಂತೂ ಕಂಡಿಲ್ಲ.

ಗಿಡದ ಹುಟ್ಟಿನ ಕಡೆಗೂ ಒಮ್ಮೆ ನೋಡಬೇಕು. ಪೆಟೂನಿಯಾದ ಕಾಡುಜಾತಿಗಳು ದಕ್ಷಿಣ ಅಮೆರಿಕದ ಅರ್ಜೆಂಟೀನಾ, ಉರುಗ್ವೆ, ದಕ್ಷಿಣ ಬ್ರೆಜಿಲ್ ಪ್ರದೇಶದವು. ಇಂದು ನಮ್ಮ ಕುಂಡಗಳಲ್ಲಿರುವ ತೋಟದ ಪೆಟೂನಿಯಾ ಮುಖ್ಯವಾಗಿ ಎರಡು ಕಾಡುಜಾತಿಗಳ ಬೆರಕೆಯಿಂದ 1830ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡದ್ದು. ಒಂದು ಬಿಳಿಯ ಹೂವಿನ ಪೆಟೂನಿಯಾ ಆಕ್ಸಿಲಾರಿಸ್. ಇದು ಸಂಜೆಯಾದ ಮೇಲೆ ಪರಿಮಳ ಸೂಸಿ ಪತಂಗಗಳನ್ನು ಕರೆಯುವ ಹೂವು. ಇನ್ನೊಂದು ನೇರಳೆ ಹೂವಿನ ಪೆಟೂನಿಯಾ ಇಂಟೆಗ್ರಿಫೋಲಿಯಾ. ಇದು ಹಗಲಿನಲ್ಲಿ ಜೇನುನೊಣಗಳಿಗಾಗಿ ಅರಳುವಂಥದ್ದು, ನೆಲಕ್ಕೆ ಹರಡಿಕೊಂಡು ಬೆಳೆಯುವ ಸ್ವಭಾವದ್ದು. ದಾಸವಾಳದ ಹಾಗೆ ನಮ್ಮ ಮಳೆಗಾಲವನ್ನು ಸಹಿಸಿಕೊಳ್ಳುವ ಶಕ್ತಿಯನ್ನು ಇವೆರಡರಿಂದಲೂ ನಿರೀಕ್ಷಿಸುವಂತಿಲ್ಲ. ಬಿಸಿಲು ಪೂರ್ತಿಯಾಗಿ ಬೇಕು, ಬೇರಿನ ಬಳಿ ಗಾಳಿಯಾಡಬೇಕು, ರಾತ್ರಿ ತಂಪಿರಬೇಕು.

ಈ ಮೂರೂ ಒಟ್ಟಿಗೆ ಸಿಗುವ ಕಾಲ ನಮ್ಮಲ್ಲಿ ಮಾಗಿಯ ಕಾಲ. ಡಿಸೆಂಬರ್ ಮತ್ತು ಜನವರಿಯಲ್ಲಿ ಮೈಸೂರಿನ ಹಗಲು 27 ಅಥವಾ 28 ಡಿಗ್ರಿಗೆ ಏರಿ, ರಾತ್ರಿ 16 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಆಕಾಶ ತಿಳಿಯಾಗಿರುತ್ತದೆ, ಮಳೆ ಇರುವುದಿಲ್ಲ. ಪೆಟೂನಿಯಾ ದೀರ್ಘ ಹಗಲನ್ನು ಬಯಸುವ ಗಿಡ ಎಂಬ ಮಾತನ್ನು ಓದಿದವರು, ಹಗಲು ಚಿಕ್ಕದಾಗಿರುವ ಈ ತಿಂಗಳುಗಳಲ್ಲಿ ಅದು ಹೇಗೆ ಹೂ ಬಿಟ್ಟೀತು ಎಂದು ಕೇಳಬಹುದು. ಲಂಡನ್ನಿನಲ್ಲಿ ಡಿಸೆಂಬರಿನ ಅತಿ ಚಿಕ್ಕ ಹಗಲು 8 ಗಂಟೆಗಿಂತಲೂ ಕಡಿಮೆ. ಮೈಸೂರಿನಲ್ಲಿ ಅತಿ ಚಿಕ್ಕ ಹಗಲು ಕೂಡ ಸುಮಾರು 11 ಗಂಟೆ 25 ನಿಮಿಷದಷ್ಟಿರುತ್ತದೆ. ಅತಿ ದೊಡ್ಡ ಹಗಲಿಗೂ ಇದಕ್ಕೂ ಒಂದೂವರೆ ಗಂಟೆಯಷ್ಟೇ ಅಂತರ. ಆದ್ದರಿಂದ ಇಲ್ಲಿ ಚಳಿಗಾಲದಲ್ಲಿ ಹೂವು ನಿಲ್ಲುವುದಿಲ್ಲ, ಸ್ವಲ್ಪ ನಿಧಾನವಾಗುತ್ತದೆ. ಸಂಕ್ರಾಂತಿ ಕಳೆದು ಹಗಲು ಬೆಳೆಯುತ್ತ ಹೋದಂತೆ ಗಿಡದಲ್ಲಿ ಆಗುವ ಬದಲಾವಣೆ ಕಣ್ಣಿಗೆ ಕಾಣುವಂಥದ್ದು: ಪ್ರತಿ ಕವಲಿನ ತುದಿಯಲ್ಲಿಯೂ ಮೊಗ್ಗು, ಎಲೆಯೇ ಕಾಣದಷ್ಟು ಹೂವು. ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ಅವಧಿಯೇ ನಮ್ಮೂರಿನ ಪೆಟೂನಿಯಾದ ನಿಜವಾದ ಹಬ್ಬ. ಡಿಸೆಂಬರ್ ಕೊನೆಯಲ್ಲಿ ಅರಮನೆಯ ಆವರಣದಲ್ಲಿ ನಡೆಯುವ ಪುಷ್ಪ ಪ್ರದರ್ಶನದ ಪೆಟೂನಿಯಾಗಳು ಅಷ್ಟು ಚೆನ್ನಾಗಿರುವುದಕ್ಕೆ ಬೆಳೆಸಿದವರ ಕೈಗುಣದ ಜೊತೆಗೆ ಆ ಕಾಲದ ಗುಣವೂ ಕಾರಣ. ಗಿಡವನ್ನು ಕೊಂಡೇ ತರಬೇಕೆನ್ನುವವರು ದಸರೆಯಲ್ಲಿ ಕಣ್ಣು ತುಂಬ ನೋಡಿ, ನವೆಂಬರಿನ ನಡುವೆ ಹೋಗಿ ಕೊಳ್ಳಲಿ. ಕೊಳ್ಳುವಾಗ ಹೂವು ತುಂಬಿದ ಎತ್ತರದ ಗಿಡಕ್ಕಿಂತ, ಗಿಡ್ಡಗೆ, ಬುಡದಿಂದಲೇ ಮೂರು ನಾಲ್ಕು ಕವಲೊಡೆದ, ಇನ್ನೂ ಒಂದೆರಡೇ ಮೊಗ್ಗಿರುವ ಗಿಡವನ್ನು ಆರಿಸಿಕೊಳ್ಳುವುದು ಮೇಲು.

ನನಗೆ ಮಾತ್ರ ಬೀಜದಿಂದ ಬೆಳೆಸುವುದೇ ಇಷ್ಟ. ಪೆಟೂನಿಯಾದ ಬೀಜ ರಾಗಿಗಿಂತ ಎಷ್ಟೋ ಸಣ್ಣದು. ಒಂದು ಗ್ರಾಂನಲ್ಲಿ ಸುಮಾರು 10,000 ಬೀಜಗಳಿರುತ್ತವೆ. ಜೇಡಿಮಣ್ಣಿನ ಲೇಪ ಕೊಟ್ಟು ಗುಂಡಗೆ ಮಾಡಿದ ಬೀಜವೂ ಸಿಗುತ್ತದೆ, ಕೈಗೆ ಹಿಡಿಯಲು ಅದೇ ಸುಲಭ. ಬಿತ್ತಲು ಸರಿಯಾದ ಸಮಯ ಹಸ್ತ ಮಳೆಯ ದಿನಗಳು, ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ. ಮಳೆಯ ವಿಷಯದಲ್ಲಿ ಇಷ್ಟೆಲ್ಲ ಎಚ್ಚರಿಸಿ ಮಳೆಯಲ್ಲಿಯೇ ಬಿತ್ತಲು ಹೇಳುತ್ತಿರುವುದಕ್ಕೆ ಕಾರಣವಿದೆ: ಬೀಜದ ತಟ್ಟೆ ಸೂರಿನ ಕೆಳಗಿರುತ್ತದೆ, ಮತ್ತು ಬೀಜದಿಂದ ಕುಂಡಕ್ಕೆ ಏರುವಷ್ಟು ಸಸಿಯಾಗಲು ಐದಾರು ವಾರ ಬೇಕು. ಹಸ್ತದಲ್ಲಿ ಬಿತ್ತಿದರೆ ಸ್ವಾತಿ ಮುಗಿಯುವ ಹೊತ್ತಿಗೆ ಸಸಿ ಸಿದ್ಧವಾಗಿರುತ್ತದೆ. ಬಿತ್ತನೆಯಿಂದ ಮೊದಲ ಹೂವಿಗೆ ಹತ್ತರಿಂದ ಹನ್ನೆರಡು ವಾರ ಹಿಡಿಯುವುದರಿಂದ ಡಿಸೆಂಬರ್ ಕೊನೆಗೆ ಹೂವು ಕಾಣಲು ಸಿಗುತ್ತದೆ.

ಬಿತ್ತುವಲ್ಲಿ ಮರೆಯಬಾರದ ಸಂಗತಿಯೆಂದರೆ, ಈ ಬೀಜ ಚೆನ್ನಾಗಿ ಮೊಳೆಯಲು ಬೆಳಕು ಬೇಕು. ಅವರೆ, ಬೆಂಡೆ ಬಿತ್ತಿ ಅಭ್ಯಾಸವಿರುವ ಕೈ ತಾನಾಗಿಯೇ ಮೇಲೆ ಮಣ್ಣು ಮುಚ್ಚಲು ಹೋಗುತ್ತದೆ, ಇಲ್ಲಿ ಮುಚ್ಚಬಾರದು. ತೆಂಗಿನ ನಾರಿನ ಪುಡಿಯನ್ನು ಎರಡು ಮೂರು ಸಲ ನೀರಿನಲ್ಲಿ ತೊಳೆದು ಉಪ್ಪಿನಂಶ ತೆಗೆದು, ಅದಕ್ಕೆ ಸಣ್ಣಗೆ ಜರಡಿ ಹಿಡಿದ ಎರೆಗೊಬ್ಬರವನ್ನು ಕಾಲು ಪಾಲು ಬೆರೆಸಿ, ಪ್ರೋಟ್ರೇಯಲ್ಲೋ (ಸಾಲು ಗುಳಿಗಳಿರುವ ಸಸಿ ತಟ್ಟೆ) ತಳದಲ್ಲಿ ತೂತು ಮಾಡಿದ ಸಿಹಿತಿಂಡಿಯ ಪ್ಲಾಸ್ಟಿಕ್ ಡಬ್ಬಿಯಲ್ಲೋ ತುಂಬಿ, ಮೊದಲೇ ಪೂರ್ತಿ ನೆನೆಸಬೇಕು. ಆಮೇಲೆ ಬೀಜವನ್ನು ಒಣ ಮರಳಿನೊಂದಿಗೆ ಬೆರೆಸಿ ತೆಳುವಾಗಿ ಉದುರಿಸಿ, ಬೆರಳಿನಿಂದ ಮೆಲ್ಲಗೆ ಒತ್ತಿದರೆ ಸಾಕು. ಮೇಲಿನಿಂದ ನೀರು ಸುರಿದರೆ ಬೀಜವೆಲ್ಲ ಮೂಲೆಗೆ ಹರಿದುಹೋಗುತ್ತದೆ; ಆದ್ದರಿಂದ ತಟ್ಟೆಯನ್ನು ನೀರಿನ ಬಟ್ಟಲಿನಲ್ಲಿ ಇಟ್ಟು ತಳದಿಂದ ನೀರು ಹೀರಲು ಬಿಡಬೇಕು. ಪಾರದರ್ಶಕ ಮುಚ್ಚಳ ಹಾಕಿ, ನೇರ ಬಿಸಿಲು ಬೀಳದ ಬೆಳಕಿನ ಜಾಗದಲ್ಲಿ ಇಟ್ಟರೆ ವಾರದಿಂದ ಹತ್ತು ದಿನಗಳಲ್ಲಿ ಹಸಿರು ಚುಕ್ಕಿಗಳು ಏಳುತ್ತವೆ. ಅವು ಎದ್ದ ದಿನವೇ ಮುಚ್ಚಳ ತೆಗೆಯುವುದು ಕ್ಷೇಮ. ಮುಚ್ಚಳದೊಳಗಿನ ಆವಿಯಲ್ಲಿಯೇ ಬಿಟ್ಟರೆ ಸಸಿಗಳ ಬುಡ ದಾರದಷ್ಟು ತೆಳ್ಳಗಾಗಿ ಗುಂಪುಗುಂಪಾಗಿ ಮಲಗಿಬಿಡುತ್ತವೆ. ಬುಡ ಕೊಳೆಯುವ ಈ ರೋಗ ಒಮ್ಮೆ ಕಾಣಿಸಿಕೊಂಡರೆ ಇಡೀ ತಟ್ಟೆಗೆ ಹಬ್ಬಲು ಎರಡು ದಿನ ಸಾಕು. ನಿಜವಾದ ಎಲೆಗಳು ಎರಡು ಜೋಡಿ ಬಂದಾಗ, ಎಲೆಯನ್ನು ಹಿಡಿದು, ಕಾಂಡವನ್ನು ಮುಟ್ಟದೆ, ಒಂದೊಂದನ್ನೂ ಬೇರೆ ಬೇರೆ ಗುಳಿಗೆ ಬದಲಾಯಿಸಬೇಕು.

ನವೆಂಬರ್ ಎರಡನೆಯ ವಾರದಲ್ಲಿ, ಆಕಾಶವನ್ನು ಒಮ್ಮೆ ನೋಡಿ, ಸಸಿಗಳನ್ನು ಕುಂಡಕ್ಕೆ ಏರಿಸುತ್ತೇನೆ. ನಮ್ಮ ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ನಾರಿನ ಪುಡಿ ಇವು ಸಮಪಾಲು. ಜೊತೆಗೆ ಕುಂಡಕ್ಕೆ ಒಂದು ಹಿಡಿ ದಪ್ಪ ಮರಳು, ಅರ್ಧ ಹಿಡಿ ಬೇವಿನ ಹಿಂಡಿ. ಮಂಡ್ಯದ ನಾಲೆ ಬಯಲಿನಲ್ಲಿ ಕೆಲವೆಡೆ ಸಿಗುವ ಜಿಗುಟು ಮಣ್ಣನ್ನು ಬಳಸುವವರು ಮರಳಿನ ಪಾಲನ್ನು ಇನ್ನೂ ಹೆಚ್ಚಿಸಬೇಕು. 12 ಅಂಗುಲದ ಕುಂಡಕ್ಕೆ ಮೂರು ಸಸಿ ಸರಿ. ಮಣ್ಣಿನ ಕುಂಡ ಗಾಳಿಯಾಡುತ್ತದೆ, ಬೇರು ತಂಪಾಗಿರುತ್ತದೆ. ತಾರಸಿಗೆ ಅದೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ತೂಗುಬುಟ್ಟಿಯಲ್ಲಿ ಪೆಟೂನಿಯಾ ಬಹಳ ಚೆಂದ ಕಾಣುತ್ತದೆ, ಆದರೆ ಫೆಬ್ರವರಿಯಿಂದ ಮುಂದೆ ಬುಟ್ಟಿ ಮಧ್ಯಾಹ್ನಕ್ಕೆಲ್ಲ ಒಣಗುವುದರಿಂದ ಬೆಳಿಗ್ಗೆ ಸಂಜೆ ಎರಡೂ ಹೊತ್ತು ನೀರು ಕೊಡಬಲ್ಲವರು ಮಾತ್ರ ಅದಕ್ಕೆ ಕೈ ಹಾಕಬೇಕು. ಕುಂಡ ಎಲ್ಲಿಯೇ ಇರಲಿ, ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೀಳಬೇಕು. ನೆರಳಿನ ವರಾಂಡದಲ್ಲಿ ಇಟ್ಟ ಪೆಟೂನಿಯಾ ಸಾಯುವುದಿಲ್ಲ, ಉದ್ದುದ್ದ ಬೆಳೆದು ಹೂವಿಲ್ಲದೆ ನಿಲ್ಲುತ್ತದೆ.

ನೀರಿನ ಮಾತು ಬಂದಾಗ ಮಂಡ್ಯದಲ್ಲಿರುವ ನನ್ನ ಅಕ್ಕನ ತೋಟದ ವಿಷಯ ಹೇಳಲೇಬೇಕು. ನಮ್ಮ ಮನೆಗೆ ನಲ್ಲಿಯಲ್ಲಿ ಕಾವೇರಿ ನೀರು ಬರುತ್ತದೆ. ಅಕ್ಕನ ಮನೆಯಲ್ಲಿ ಗಿಡಗಳಿಗೆಲ್ಲ ಕೊಳವೆಬಾವಿಯ ಗಡಸು ನೀರು. ಒಂದೇ ತಟ್ಟೆಯ ಸಸಿಗಳನ್ನು ಹಂಚಿಕೊಂಡಿದ್ದೆವು. ಜನವರಿಯಲ್ಲಿ ಅಕ್ಕ ಫೋನ್ ಮಾಡಿ, “ಎಲೆಯೆಲ್ಲ ಹಳದಿ ತಿರುಗ್ತಾ ಇದೆ ಕಣೇ, ಒಂದು ಹಿಡಿ ಯೂರಿಯಾ ಹಾಕ್ಲಾ?” ಎಂದು ಕೇಳಿದಳು. “ಬೇಡ ಅಕ್ಕ, ಮೊದಲು ಹಳದಿಯಾಗಿರೋದು ಕೆಳಗಿನ ಹಳೇ ಎಲೆಯೋ ಕುಡಿಯ ಎಲೆಯೋ ನೋಡು” ಎಂದೆ. ಕುಡಿಯ ಎಲೆಗಳೇ ಹಳದಿಯಾಗಿದ್ದವು, ಆದರೆ ನರಗಳು ಮಾತ್ರ ಹಸಿರಾಗಿಯೇ ಉಳಿದಿದ್ದವು. ಇದು ಕಬ್ಬಿಣದ ಕೊರತೆಯ ಗುರುತು. ಸಾರಜನಕ ಕಡಿಮೆಯಾದರೆ ಹಳೆಯ ಎಲೆ ಪೂರ್ತಿಯಾಗಿ ಹಳದಿಯಾಗುತ್ತದೆ; ಕಬ್ಬಿಣ ಸಿಗದಿದ್ದರೆ ಹೊಸ ಎಲೆ ಬಿಳಿಚಿಕೊಳ್ಳುತ್ತದೆ. ಪೆಟೂನಿಯಾಕ್ಕೆ ಸ್ವಲ್ಪ ಹುಳಿಗುಣದ ಮಣ್ಣು, ಅಂದರೆ 5.5ರಿಂದ 6ರ ಆಸುಪಾಸಿನ ರಸಸಾರ (ಪಿಎಚ್) ಹಿತ. ಗಡಸು ನೀರಿನಲ್ಲಿರುವ ಸುಣ್ಣದ ಅಂಶ ದಿನವೂ ಕುಂಡಕ್ಕೆ ಸೇರಿ ಮಣ್ಣು ಕ್ಷಾರದ ಕಡೆಗೆ ತಿರುಗಿದಾಗ, ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಅದನ್ನು ಹೀರಿಕೊಳ್ಳಲು ಆಗುವುದಿಲ್ಲ. ಕೆಂಪು ಮಣ್ಣಿನ ಕುಂಡದಲ್ಲಿಯೂ ಕಬ್ಬಿಣದ ಕೊರತೆ ಬರುವುದು ಹೀಗೆ. ಯೂರಿಯಾ ಹಾಕಿದ್ದರೆ ಬಿಳಿಚಿದ ಎಲೆಗಳೇ ಇನ್ನಷ್ಟು ಬರುತ್ತಿದ್ದವು, ಅಷ್ಟೆ. ಅಕ್ಕ ಗೊಬ್ಬರದ ಅಂಗಡಿಯಿಂದ ಚಿಲೇಟೆಡ್ ಕಬ್ಬಿಣ, ಅಂದರೆ ಗಿಡ ಸುಲಭವಾಗಿ ಹೀರಿಕೊಳ್ಳುವ ರೂಪದ ಕಬ್ಬಿಣ ತಂದು ಪೊಟ್ಟಣದ ಮೇಲಿದ್ದ ಅಳತೆಯಲ್ಲಿ ಎಲೆಗೆ ಸಿಂಪಡಿಸಿದಳು; ಹೊಸ ಚಿಗುರು ಹಸಿರಾಗಿಯೇ ಬಂತು. ಈಗ ಅವಳು ಚಿತ್ತೆ, ಸ್ವಾತಿ ಮಳೆಯ ತಾರಸಿ ನೀರನ್ನು ಡ್ರಮ್ಮುಗಳಲ್ಲಿ ಹಿಡಿದಿಟ್ಟು, ಹೂವಿನ ಕುಂಡಗಳಿಗೆಂದೇ ಮೀಸಲಿಡುತ್ತಾಳೆ. ಗಿಡವನ್ನು ಕೊಲ್ಲುವ ಆ ಮಳೆಯ ನೀರೇ, ಡ್ರಮ್ಮಿನಿಂದ ಅಳತೆಯಾಗಿ ಬಂದಾಗ ಅದಕ್ಕೆ ಅತ್ಯುತ್ತಮ ನೀರು.

ನೀರು ಯಾವುದಾದರೂ ಕೊಡುವ ರೀತಿ ಒಂದೇ. ಬೆಳಿಗ್ಗೆ, ಬುಡಕ್ಕೆ, ತಳದ ತೂತಿನಿಂದ ಹೊರಬರುವಷ್ಟು ಕೊಡಬೇಕು. ಮತ್ತೆ ಕೊಡುವುದು ಮೇಲಿನ ಒಂದು ಅಂಗುಲ ಮಣ್ಣು ಒಣಗಿದ ಮೇಲೆ. ಪೈಪಿನ ಬಾಯನ್ನು ಬೆರಳಿನಿಂದ ಒತ್ತಿ ಗಿಡದ ತಲೆಯ ಮೇಲೆ ಚಿಮ್ಮಿಸುವ ರೂಢಿ ಎಷ್ಟೋ ಮನೆಗಳಲ್ಲಿದೆ. ಪೆಟೂನಿಯಾ ಇರುವ ಕಡೆ ದಯವಿಟ್ಟು ಅದನ್ನು ಬಿಡಬೇಕು.

ಹೀಗೆ ಒಂದೇ ಸಮನೆ ಹೂ ಬಿಡುವ ಗಿಡದ ಹಸಿವು ದೊಡ್ಡದು. ಕುಂಡಕ್ಕೆ ಏರಿಸುವಾಗ ಹಾಕಿದ ಗೊಬ್ಬರ ಜನವರಿಯವರೆಗೆ ಸಾಲುವುದಿಲ್ಲ. ನಾನು ವಾರಕ್ಕೊಮ್ಮೆ ಒಂದು ಲೀಟರ್ ನೀರಿಗೆ 2 ಗ್ರಾಂ ಲೆಕ್ಕದಲ್ಲಿ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರುವ ಗೊಬ್ಬರ) ಕರಗಿಸಿ ಕೊಡುತ್ತೇನೆ. ರಾಸಾಯನಿಕ ಬೇಡವೆನ್ನುವವರು ಕಡಲೆಕಾಯಿ ಹಿಂಡಿಯನ್ನು ಮೂರು ನಾಲ್ಕು ದಿನ ನೆನೆಸಿ, ತಿಳಿಯನ್ನು ಹತ್ತು ಪಾಲು ನೀರಿಗೆ ಬೆರೆಸಿ ಕೊಡಬಹುದು. ವಾಸನೆಯನ್ನು ಸಹಿಸಿಕೊಂಡರೆ ಫಲ ಚೆನ್ನಾಗಿದೆ. ಒಣ ಮಣ್ಣಿಗೆ ಯಾವ ಗೊಬ್ಬರದ ನೀರನ್ನೂ ಹಾಕಬಾರದು.

ಇನ್ನು ಚಿವುಟುವ ಕೆಲಸ. ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾದದ್ದು ಇಲ್ಲಿಯೇ. ಸಸಿ ಆರು ಅಂಗುಲ ಬೆಳೆದು ಮೊದಲ ಮೊಗ್ಗು ಮೂಡುತ್ತಿರುವಾಗ ತುದಿಯನ್ನು ಚಿವುಟಿ ತೆಗೆಯಬೇಕೆಂದರೆ ಹೊಸಬರ ಕೈ ಹಿಂದೆ ಸರಿಯುತ್ತದೆ. ಆದರೆ ತುದಿ ಹೋದ ಮೇಲೆಯೇ ಪ್ರತಿ ಎಲೆಯ ಸಂದಿಯಿಂದಲೂ ಕವಲು ಹೊರಡುವುದು. ಹೂವು ಬರುವುದು ಕವಲುಗಳ ತುದಿಯಲ್ಲಾದ್ದರಿಂದ ಕವಲು ಹೆಚ್ಚಿದಷ್ಟೂ ಹೂವು ಹೆಚ್ಚು. ಹೂ ಬಾಡಿದ ಮೇಲೆ ಬರಿಯ ದಳವನ್ನು ಎಳೆದು ತೆಗೆದರೆ ಸಾಲದು. ದಳ ಸುಲಭವಾಗಿ ಕೈಗೆ ಬರುತ್ತದೆ, ಅದರ ಬುಡದ ಹಸಿರು ಬಟ್ಟಲಿನೊಳಗಿನ ಕಾಯಿ ಮಾತ್ರ ಗಿಡದಲ್ಲಿಯೇ ಉಳಿಯುತ್ತದೆ. ಆ ಚಿಕ್ಕ ಕಾಯಿಯೊಳಗೆ ನೂರಾರು ಬೀಜಗಳು ಬಲಿಯತೊಡಗಿದರೆ ಗಿಡ ತನ್ನ ಶಕ್ತಿಯನ್ನು ಅದಕ್ಕೇ ಕೊಟ್ಟು ಹೊಸ ಮೊಗ್ಗನ್ನು ಕಡಿಮೆ ಮಾಡುತ್ತದೆ. ಆದ್ದರಿಂದ ಬಟ್ಟಲು ಸಮೇತ, ತೊಟ್ಟಿನ ಮಟ್ಟದಲ್ಲಿ ಚಿವುಟಬೇಕು. ಸಂಜೆ ಕಾಫಿ ಕುಡಿದ ಮೇಲೆ ಕುಂಡಗಳ ನಡುವೆ ಹತ್ತು ನಿಮಿಷ ನಿಂತು ಮಾಡುವ ಈ ಕೆಲಸ ನನಗೆ ದಿನದ ಅತ್ಯಂತ ಇಷ್ಟದ ಹೊತ್ತು. ಬೆರಳಿಗೆ ಅಂಟಿದ ಜಿಗುಟು ಕೊಬ್ಬರಿ ಎಣ್ಣೆ ಸವರಿ ತೊಳೆದರೆ ಹೋಗುತ್ತದೆ.

ಇಷ್ಟು ಮಾಡಿದರೂ ಜನವರಿ ಕೊನೆಗೆ ಕವಲುಗಳು ಉದ್ದವಾಗಿ, ಬುಡ ಬೋಳಾಗಿ, ತುದಿಯಲ್ಲಿ ಮಾತ್ರ ಹೂವಿರುವ ಸ್ಥಿತಿ ಬರುತ್ತದೆ. ಆಗ ಕತ್ತರಿಯಿಂದ ಇಡೀ ಗಿಡವನ್ನು ಅರ್ಧಕ್ಕೆ ಕತ್ತರಿಸಿ, ಗೊಬ್ಬರದ ನೀರು ಕೊಟ್ಟರೆ ಎರಡು ಮೂರು ವಾರಗಳಲ್ಲಿ ಮತ್ತೆ ಹೊಸ ಗಿಡದಂತೆ ತುಂಬಿಕೊಳ್ಳುತ್ತದೆ. ಎಲ್ಲ ಕುಂಡಗಳನ್ನೂ ಒಂದೇ ದಿನ ಕತ್ತರಿಸಿ ತೋಟವನ್ನು ಬರಿದು ಮಾಡುವ ಅಗತ್ಯವಿಲ್ಲ. ಒಂದು ವಾರ ಅರ್ಧದಷ್ಟು ಕುಂಡ, ಹದಿನೈದು ದಿನ ಬಿಟ್ಟು ಉಳಿದರ್ಧ. ಕತ್ತರಿಸಿದ ತುದಿಗಳಲ್ಲಿ ಹೂವಿಲ್ಲದ, ಮೂರು ನಾಲ್ಕು ಅಂಗುಲದವುಗಳನ್ನು ಆರಿಸಿ, ಕೆಳಗಿನ ಎಲೆ ತೆಗೆದು, ಒದ್ದೆ ನಾರಿನ ಪುಡಿಯಲ್ಲಿ ಊರಿ ನೆರಳಿನಲ್ಲಿಟ್ಟರೆ ಬೇರು ಬಿಡುತ್ತವೆ. ಮೆಚ್ಚಿದ ಬಣ್ಣವನ್ನು ಹಾಗೆಯೇ ಉಳಿಸಿಕೊಳ್ಳಲು ಇದೇ ದಾರಿ, ಏಕೆಂದರೆ ಎಫ್1 ಹೈಬ್ರಿಡ್, ಅಂದರೆ ಎರಡು ತಳಿಗಳನ್ನು ಬೆರೆಸಿ ಪಡೆದ ಮೊದಲ ಪೀಳಿಗೆಯ ಗಿಡದ ಬೀಜದಿಂದ ತಾಯಿಯ ಬಣ್ಣವೇ ಬರುತ್ತದೆಂಬ ಭರವಸೆಯಿಲ್ಲ.

ತಳಿಗಳ ವಿಷಯದಲ್ಲಿ ನನ್ನ ಒಲವನ್ನು ಮುಚ್ಚಿಡುವುದಿಲ್ಲ. ಗ್ರ್ಯಾಂಡಿಫ್ಲೋರಾ ವರ್ಗದ ಹೂವು ಅಂಗೈಯಷ್ಟು ಅಗಲ, ಒಂದೊಂದೂ ನೋಡಲು ಭವ್ಯ. ಆದರೆ ಅಕಾಲದ ಒಂದು ಮಳೆಗೆ, ಜೋರಾದ ಗಾಳಿಗೆ ಹರಿದುಹೋಗುತ್ತದೆ. ಮಲ್ಟಿಫ್ಲೋರಾದ ಹೂವು ಚಿಕ್ಕದು, ಸಂಖ್ಯೆ ಬಹಳ, ಮಳೆ ಬಿದ್ದ ಮರುದಿನವೇ ಚೇತರಿಸಿಕೊಳ್ಳುವ ಗುಣವೂ ಅದಕ್ಕಿದೆ. ನವೆಂಬರಿನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ನಾಲ್ಕು ದಿನ ಜಡಿಮಳೆ ಹಿಡಿಯುವ ನಮ್ಮೂರಿಗೆ ಮಲ್ಟಿಫ್ಲೋರಾವೇ ಸರಿಯೆಂದು ಯಾರು ಕೇಳಿದರೂ ಹೇಳುತ್ತೇನೆ. 1995ರಲ್ಲಿ ಬಂದ ಪರ್ಪಲ್ ವೇವ್ ತಳಿಯಿಂದ ಹೆಸರಾದ ಹರಡುವ ಪೆಟೂನಿಯಾಗಳು ಕಾಂಪೌಂಡ್ ಗೋಡೆಯ ಮೇಲಿನ ತೊಟ್ಟಿಗಳಿಗೆ ಒಳ್ಳೆಯವು. ನೀರೂ ಗೊಬ್ಬರವೂ ಉಳಿದವುಗಳಿಗಿಂತ ಹೆಚ್ಚು ಬೇಕು. ಸುರುಳಿ ಸುರುಳಿಯಾದ ಇಮ್ಮಡಿ ದಳದ ಹೂಗಳು ಚೆಂದವೇ, ಆದರೆ ನೀರು ಹಿಡಿದಿಟ್ಟುಕೊಳ್ಳುವುದರಲ್ಲಿ ಅವೇ ಮುಂದು.

ಬಿಳಿ ಪಟ್ಟೆಯ ನಕ್ಷತ್ರ ಮಾದರಿಯ ಹೂವನ್ನು ಬೆಳೆಸುವವರು ಒಂದು ಸಂಗತಿಯನ್ನು ತಿಳಿದಿರಲಿ: ಬಿಸಿಲು ಮತ್ತು ಉಷ್ಣಾಂಶ ಬದಲಾದಂತೆ ಆ ಪಟ್ಟೆ ಅಗಲವಾಗುವುದೂ ಕಿರಿದಾಗುವುದೂ ಉಂಟು, ಗಿಡಕ್ಕೆ ರೋಗವೇನೂ ಬಂದಿರುವುದಿಲ್ಲ. ಈ ಬಿಳುಪಿನ ಹಿಂದೆ ದೊಡ್ಡ ವಿಜ್ಞಾನವಿದೆ. 1990ರಲ್ಲಿ ಅಮೆರಿಕದ ರಿಚರ್ಡ್ ಜಾರ್ಗೆನ್ಸನ್ ಮತ್ತು ಸಂಗಡಿಗರು ಪೆಟೂನಿಯಾದ ನೇರಳೆಯನ್ನು ಇನ್ನೂ ಗಾಢ ಮಾಡಲೆಂದು ಬಣ್ಣ ತಯಾರಿಸುವ ಜೀನಿನ ಇನ್ನೊಂದು ಪ್ರತಿಯನ್ನು ಗಿಡಕ್ಕೆ ಸೇರಿಸಿದ ಪ್ರಯೋಗವನ್ನು ಪ್ರಕಟಿಸಿದರು. ಹಲವು ಗಿಡಗಳಲ್ಲಿ ಹೂವು ಗಾಢವಾಗುವ ಬದಲು ಬಿಳಿಯಾಗಿ, ಕೆಲವು ಬಿಳಿ ಪಟ್ಟೆಗಳಾಗಿ ಅರಳಿದ್ದವು. ಸೇರಿಸಿದ ಜೀನೂ ಮೊದಲಿದ್ದ ಜೀನೂ ಎರಡೂ ಸುಮ್ಮನಾಗಿದ್ದವು. ಜೀವಕೋಶ ತನ್ನದೇ ಜೀನನ್ನು ಹೀಗೆ ತಡೆಹಿಡಿಯುವ ಬಗೆಯನ್ನು ಮುಂದೆ ಹುಳುವಿನ ಮೇಲಿನ ಪ್ರಯೋಗಗಳಿಂದ ವಿವರಿಸಿದ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಅವರಿಗೆ 2006ರಲ್ಲಿ ನೊಬೆಲ್ ಬಂತು. ನಕ್ಷತ್ರ ಮಾದರಿಯ ಹೂವಿನ ಪಟ್ಟೆಯೂ ಇಂಥದೇ ತಡೆಯ ಫಲವೆಂದು ತಿಳಿದ ಮೇಲೆ ಆ ಕುಂಡದ ಮುಂದೆ ನಾನು ನಿಲ್ಲುವ ಹೊತ್ತು ಹೆಚ್ಚಾಗಿದೆ.

ಮಲ್ಲಿಗೆಯ ಊರಿನಲ್ಲಿ ಕಂಪಿಲ್ಲದ ಹೂವೇಕೆ, ಮುಡಿಯಲೂ ಆಗದು, ದೇವರಿಗೂ ಆಗದು ಎಂಬ ಆಕ್ಷೇಪವನ್ನು ಹಿರಿಯರಿಂದ ಕೇಳಿದ್ದೇನೆ. ಕಟ್ಟಿ ಮುಡಿಯಲು ಬಾರದೆಂಬುದು ನಿಜ. ಕಂಪಿಲ್ಲವೆಂಬುದು ನಿಜವಲ್ಲ. ಬಿಳಿ ಮತ್ತು ಕಡುನೇರಳೆ ಬಣ್ಣದ ಹಲವು ತಳಿಗಳಲ್ಲಿ ಬಿಳಿಯ ಕಾಡುಜಾತಿಯ ಪರಿಮಳ ಇನ್ನೂ ಉಳಿದಿದೆ. ಆ ಹೂಗಳು ಹಗಲಲ್ಲಿ ಹೆಚ್ಚೇನೂ ಸೂಸದೆ ಕತ್ತಲಾಗುತ್ತಿದ್ದಂತೆ ಸೂಸತೊಡಗುತ್ತವೆ. ಬಿಳಿಯ ಕುಂಡಗಳನ್ನು ಜಗಲಿಯ ಬಳಿ ಇಡಿ, ರಾತ್ರಿ ಊಟವಾದ ಮೇಲೆ ಅಲ್ಲಿ ಕುಳಿತು ನೋಡಿ ಎಂದು ಆಕ್ಷೇಪಿಸಿದವರಿಗೆಲ್ಲ ಹೇಳುತ್ತೇನೆ.

ಕೀಟಗಳಲ್ಲಿ ಗಿಡಹೇನು ಮತ್ತು ಬಿಳಿನೊಣಕ್ಕೆ ಬೇವಿನ ಎಣ್ಣೆ ಸಾಕು. ಲೀಟರಿಗೆ 3ರಿಂದ 5 ಮಿಲಿಲೀಟರ್ ಎಣ್ಣೆ, ಕೆಲವು ಹನಿ ಸೋಪಿನ ದ್ರಾವಣ, ಬಿಸಿಲು ಇಳಿದ ಮೇಲೆ ಎಲೆಯ ಅಡಿಗೆ ತಾಗುವಂತೆ. ಮೊಗ್ಗಿನಲ್ಲಿ ಗುಂಡನೆಯ ತೂತು, ಎಲೆಯ ಮೇಲೆ ಕಪ್ಪು ಹಿಕ್ಕೆ ಕಂಡರೆ ಟೊಮೆಟೊ ಕಾಯಿಕೊರಕ ಇಲ್ಲಿಗೂ ಬಂದಿದೆಯೆಂದು ತಿಳಿದು, ಸಂಜೆ ಹುಡುಕಿ ಕೈಯಿಂದಲೇ ತೆಗೆಯಬೇಕು. ಈ ಹುಳು ಪೆಟೂನಿಯಾಕ್ಕೆ ಬರುವುದರಲ್ಲಿ ಆಶ್ಚರ್ಯವಿಲ್ಲ. ಪೆಟೂನಿಯಾವೂ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆಗಳ ಕುಟುಂಬದ್ದೇ.

ಅದೇ ಕುಟುಂಬದ ಇನ್ನೊಂದು ಗಿಡ ಹೊಗೆಸೊಪ್ಪು, ನಮ್ಮ ಜಿಲ್ಲೆಯಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ಹುಣಸೂರು, ಪಿರಿಯಾಪಟ್ಟಣದ ಕಡೆ ಅದು ಮುಖ್ಯ ಬೆಳೆಯಾದ್ದರಿಂದ, ಹುಳುವಿಗೆ ಹೊಗೆಸೊಪ್ಪಿನ ಕಷಾಯ ಹೊಡೆಯಿರಿ ಎಂಬ ಸಲಹೆ ಇಲ್ಲಿ ಸುಲಭವಾಗಿ ಸಿಗುತ್ತದೆ. ಪೆಟೂನಿಯಾಕ್ಕೆ ಅದನ್ನು ಎಂದೂ ಹೊಡೆಯಬಾರದು. ತಂಬಾಕಿನ ಮೊಸಾಯಿಕ್ ವೈರಸ್ ಒಣಗಿದ ಸೊಪ್ಪಿನಲ್ಲಿಯೂ ಬಹುಕಾಲ ಉಳಿಯಬಲ್ಲದು, ಮತ್ತು ಪೆಟೂನಿಯಾಕ್ಕೆ ಅದು ಸುಲಭವಾಗಿ ತಗಲುತ್ತದೆ. ಬೀಡಿ ಸೇದಿದ ಅಥವಾ ಹೊಗೆಸೊಪ್ಪು ಉಜ್ಜಿದ ಕೈಯಿಂದ ಚಿವುಟಿದರೂ ಸಾಕು, ರೋಗ ದಾಟುತ್ತದೆ. ನಮ್ಮಲ್ಲಿಗೆ ತೋಟದ ಕೆಲಸಕ್ಕೆ ಬರುವವರಿಗೆ ಪೆಟೂನಿಯಾ ಮುಟ್ಟುವ ಮುನ್ನ ಸೋಪು ಹಾಕಿ ಕೈ ತೊಳೆಯಬೇಕೆಂದು ಕಾರಣ ಸಹಿತ ಹೇಳಿದ್ದೇನೆ, ಅವರು ತಪ್ಪದೆ ನಡೆಸಿಕೊಡುತ್ತಾರೆ. ಎಲೆಯಲ್ಲಿ ತಿಳಿ ಹಸಿರು, ಕಡು ಹಸಿರಿನ ಮಚ್ಚೆ ಮೂಡಿ, ಮುರುಟಿಕೊಂಡು, ಗಿಡ ಕುಗ್ಗಿದರೆ ಅದಕ್ಕೆ ಔಷಧಿಯಿಲ್ಲ. ಕಿತ್ತು, ಚೀಲದಲ್ಲಿ ಕಟ್ಟಿ ತೋಟದಿಂದ ಆಚೆ ಹಾಕಬೇಕು; ಗೊಬ್ಬರದ ಗುಂಡಿಗೆ ಸೇರಿಸಬಾರದು. ಕತ್ತರಿಯನ್ನೂ ತೊಳೆಯಬೇಕು.

ಯುಗಾದಿಯ ಹೊತ್ತಿಗೆ ಬಿಸಿಲು 34 ಡಿಗ್ರಿ ಮುಟ್ಟಿದಾಗ ಹೂವು ಚಿಕ್ಕದಾಗುತ್ತ ಬರುತ್ತದೆ. ಕುಂಡಗಳನ್ನು ಮಧ್ಯಾಹ್ನದ ನೆರಳಿಗೆ ಸರಿಸಿ, ನೀರು ಹೆಚ್ಚಿಸಿ ಏಪ್ರಿಲ್ ದಾಟಿಸಬಹುದು. ಭರಣಿ ಮಳೆ ಹುಯ್ದ ಮೇಲೆ ಅದೂ ಮುಗಿಯುತ್ತದೆ. ಆಗ ಗಿಡವನ್ನು ಕಿತ್ತುಬಿಡುತ್ತೇನೆ. ಬೆಳೆಸಿದ ಕೈಗೆ ಅದು ಸಂತೋಷದ ಕೆಲಸವಲ್ಲ, ಆದರೆ ಸೊರಗಿದ ಗಿಡವನ್ನು ಮಳೆಗಾಲಕ್ಕೆ ಉಳಿಸಿಕೊಂಡರೆ ಬಿಳಿನೊಣಕ್ಕೂ ಬೂಷ್ಟಿಗೂ ಮನೆ ಮಾಡಿಕೊಟ್ಟಂತೆ. ಕುಂಡದ ಮಣ್ಣನ್ನು ತಾರಸಿಯ ಮೇಲೆ ಹರಡಿ ಬೇಸಿಗೆಯ ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಹೊಸ ಗೊಬ್ಬರ ಬೆರೆಸಿ ಮತ್ತೆ ತುಂಬುತ್ತೇನೆ. ಆ ಮಣ್ಣಿನಲ್ಲಿ ಮುಂದಿನ ಬೆಳೆಯಾಗಿ ಟೊಮೆಟೊ, ಬದನೆ, ಮೆಣಸಿನಕಾಯಿ ಬೇಡ, ಬೇರಿನ ರೋಗಗಳು ಒಂದರಿಂದ ಇನ್ನೊಂದಕ್ಕೆ ಮುಂದುವರಿಯುತ್ತವೆ. ಚೆಂಡುಹೂವು, ಹುರುಳಿಕಾಯಿ, ದಂಟಿನ ಸೊಪ್ಪು ಯಾವುದಾದರೂ ಆಗಬಹುದು. ಮಿಕ್ಕ ಬೀಜದ ಪೊಟ್ಟಣವನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟರೆ ಬರುವ ಹಸ್ತ ಮಳೆಯವರೆಗೆ ಕೆಡದೆ ಇರುತ್ತದೆ.